ಗುಲಗಂಜಿ ತೂಕದ ಸಮಾಧಾನ

ಮೈಸೂರು ಸೀಮೆಯ ಚಳಿ ಅಂಥ ಕಡುಚಳಿಯೇನಲ್ಲ. ದೀಪಾವಳಿ ಕಳೆದ ಮೇಲೆ ಮೆಲ್ಲಗೆ ಶುರುವಾಗಿ, ಧನುರ್ಮಾಸದ ಬೆಳಗುಗಳಲ್ಲಿ ಕಪಿಲೆಯ ಮೇಲೆ ಮಂಜು ಕವಿಸಿ, ಶಿವರಾತ್ರಿಗೆ ಶಿವಶಿವಾ ಎಂದು ಹೊರಟುಹೋಗುತ್ತದೆ. ಆದರೆ ಸಾವು ಕಂಡ ಮನೆಗೆ ಆ ವರ್ಷ ಇದೇ ಚಳಿ ಮುಗಿಯುವುದೇ ಇಲ್ಲ.

ನಂಜನಗೂಡಿನ ಸುತ್ತಲಿನ ಹಳ್ಳಿಗಳಲ್ಲಿ ಮೊದಲ ಪಾಳಿಗೆ ಹೋಗುವವರು ಬೆಳಕು ಹರಿಯುವ ಮುನ್ನವೇ ಕಾರ್ಖಾನೆಯ ಬಸ್ಸಿಗೆ ಕಾಯುತ್ತಾರೆ. ಬಗಲಲ್ಲಿ ಬುತ್ತಿ, ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರು. ಅವರ ನಡುವೆ ಒಬ್ಬನ ಮಫ್ಲರಿನಡಿ ತಲೆ ಬೋಳಾಗಿರುತ್ತದೆ. ಹನ್ನೊಂದನೇ ದಿನದ ತಿಥಿ ಮುಗಿಸಿ ಕೆಲಸಕ್ಕೆ ಮರಳಿದವನು. ಮೊದಲ ದಿನ ಎಲ್ಲರೂ ಮಾತಾಡಿಸುತ್ತಾರೆ. ಕೂದಲು ಬೆರಳುದ್ದ ಬೆಳೆಯುವಷ್ಟರಲ್ಲಿ ಸಾವಿನ ಸುದ್ದಿ ಹಳತಾಗುತ್ತದೆ. ದಿನದ ಗುರಿ ಮುಟ್ಟಲೇಬೇಕು, ಯಂತ್ರ ನಿಲ್ಲುವ ಹಾಗಿಲ್ಲ. ಕೆಲಸ ಕೈಗಳಿಗೆ ಆಸರೆ ಕೊಡುವುದು ನಿಜ. ಆದರೆ ಅಳುವುದಕ್ಕೆ ಹೊತ್ತು ಕೊಡದ ಆಸರೆಯನ್ನು ಏನೆಂದು ಕರೆಯೋಣ?

ಇಂಥವನನ್ನು ನಾವು ಗಟ್ಟಿಗ ಎಂದು ಹೊಗಳುತ್ತೇವೆ. ನುಂಗಲೂ ಆಗದೆ ಉಗುಳಲೂ ಆಗದೆ ವಿಷವನ್ನು ಕೊರಳಲ್ಲೇ ಇಟ್ಟುಕೊಂಡ ನಂಜುಂಡೇಶ್ವರನ ಊರಿನಲ್ಲಿ ಆ ಹೊಗಳಿಕೆ ಸಹಜವೆಂದೇ ತೋರೀತು. ಆದರೆ ಆ ಕಥೆಯ ಇನ್ನೊಂದು ಭಾಗವನ್ನು ಮರೆತುಬಿಡುತ್ತೇವೆ: ವಿಷ ಕೆಳಗಿಳಿಯದಂತೆ ಪಾರ್ವತಿ ಕೊರಳನ್ನು ಒತ್ತಿ ಹಿಡಿದಳಂತೆ. ದೇವರಿಗೇ ಇನ್ನೊಬ್ಬರ ಕೈ ಬೇಕಾದಾಗ, ಎಂಟು ಗಂಟೆ ಪಾಳಿ ಮಾಡುವ ಮನುಷ್ಯ ಒಬ್ಬನೇ ತಡೆದುಕೊಳ್ಳಲಿ ಎಂದು ಬಯಸುವುದು ಯಾವ ನ್ಯಾಯ?

ಹಿರಿಯರು ಈ ವಿಷಯದಲ್ಲಿ ಅವಸರ ಮಾಡಲಿಲ್ಲ. ಎಷ್ಟೋ ಮನೆಗಳಲ್ಲಿ ತಿಂಗಳು ತಿಂಗಳಿಗೆ ಮಾಸಿಕ, ತುಂಬಿದ ವರ್ಷಕ್ಕೆ ವರ್ಷಾಂತಿಕ. ಅಲ್ಲಿಯವರೆಗೆ ಹಬ್ಬವಿಲ್ಲ, ಸಂಕ್ರಾಂತಿಗೆ ಎಳ್ಳು ಬೀರುವುದೂ ಇಲ್ಲ. ಆಚರಣೆಯನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಅದರ ಹಿಂದಿನ ತಿಳಿವಳಿಕೆ ಮಾತ್ರ ದೊಡ್ಡದು: ದುಃಖಕ್ಕೆ ಒಂದು ವರ್ಷವಾದರೂ ಬೇಕು, ಆ ವರ್ಷ ಊರೇ ಅದಕ್ಕೆ ದಾರಿ ಬಿಡಬೇಕು. ಹಾಜರಿ ಪುಸ್ತಕದಲ್ಲಿ ಅಂಥ ಕಲಮು ಎಲ್ಲಿದೆ?

ನಂಜನಗೂಡಿನಿಂದ ಹರಿದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. 1989ರಿಂದ ಮೂರು ವರ್ಷಕ್ಕೊಮ್ಮೆ ಎಂದು ನಡೆದುಬಂದಿರುವ ಕುಂಭಮೇಳಕ್ಕೆ ಮಾಘಮಾಸದಲ್ಲಿ ಇಲ್ಲಿ ಜನಸಾಗರ ಸೇರುತ್ತದೆ. ಉಳಿದ ದಿನಗಳಲ್ಲಿ ಬರುವವರಲ್ಲಿ ಅಸ್ಥಿ ಬಿಡಲು ಬಂದವರೂ ಇರುತ್ತಾರೆ. ಬೂದಿಯ ಜೊತೆ ಸಂಕಟವೂ ಹರಿದುಹೋದೀತು ಎಂಬ ಆಸೆಯಿಂದ ನೀರಿಗಿಳಿದು, ಸಂಜೆ ಅದೇ ಸಂಕಟದೊಂದಿಗೆ ಬಸ್ಸು ಹತ್ತಿದವರೆಷ್ಟೋ. ಸಂಗಮದ ಬಳಿ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದು ಇಲ್ಲಿನವರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಕಾಳಿನ ತೂಕ ಸುಮಾರು 0.12 ಗ್ರಾಂ. ಕಾಶಿಯೊಂದಿಗೇ ತೂಗಲು ಹೊರಟ ಊರು ಬೆಟ್ಟದಷ್ಟು ಹೆಚ್ಚೆನ್ನದೆ ಇಷ್ಟಕ್ಕೇ ನಿಂತಿತಲ್ಲ, ಆ ಹದ ಸಾಂತ್ವನ ಹೇಳುವವರಿಗೂ ಬೇಕು.

ಕಾಲವೇ ಎಲ್ಲ ಮರೆಸುತ್ತದೆ ಎಂಬ ಮಾತು ಬೆಟ್ಟದಷ್ಟು ದೊಡ್ಡದು. ಹಾಗಾಗಿಯೇ ಯಾರ ಕೈಗೂ ಸಿಕ್ಕದು. ಒಂದು ರಾತ್ರಿ ಪಾಳಿಯನ್ನು ಬದಲಿಗೆ ತಾನು ಮಾಡಿಕೊಡುವುದು, ಎಲ್ಲರೂ ಮರೆತ ಮೂರನೇ ತಿಂಗಳಲ್ಲಿ ‘ಹೆಂಗಿದ್ದೀಯಪ್ಪ, ಉಂಡ್ಯಾ?’ ಎಂದು ಕೇಳುವುದು, ಉತ್ತರ ಬರದಿದ್ದರೆ ಪಕ್ಕದಲ್ಲಿ ಸುಮ್ಮನೆ ಕೂರುವುದು, ಇವು ಚಿಕ್ಕವು, ಆದರೆ ಮಾಡಬಹುದಾದಂಥವು. ನೊಂದವನೂ ತನ್ನನ್ನು ಇದೇ ತಕ್ಕಡಿಯಲ್ಲಿ ತೂಗಿಕೊಳ್ಳಲಿ. ನಿನ್ನೆಗಿಂತ ಒಂದು ತುತ್ತು ಹೆಚ್ಚು ಸೇರಿತೇ, ಯಾರದೋ ತಮಾಷೆಗೆ ನಗು ಬಂತೇ? ಅದರಿಂದ ಹೋದವರಿಗೆ ದ್ರೋಹವಾಗುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಚಳಿ ಹೋಗುತ್ತದೆ. ದುಃಖವೂ ಅದೇ ದಿನ ಹೋಗಬೇಕೆಂಬ ಗಡುವನ್ನು ಅವನಿಗೆ ನಾವೂ ಕೊಡಬಾರದು, ಅವನೂ ಕೊಟ್ಟುಕೊಳ್ಳಬಾರದು.