ಆಚೆ ದಡ ಯಾವುದು?

ಹೃದಯಾಘಾತದಲ್ಲಿ ಎಡ ಹೃತ್ಕುಕ್ಷಿಯ ಸ್ನಾಯುವಿಗೆ ದೊಡ್ಡ ಹಾನಿಯಾದಾಗ ರಕ್ತದೊತ್ತಡ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರದ ಪ್ರಮಾಣ ಇಳಿಯುತ್ತದೆ, ಎಚ್ಚರ ಮಂಕಾಗುತ್ತದೆ. ವೈದ್ಯರು ಇದನ್ನು ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತಾರೆ. ಆಗ ಹೃದಯದ ಕೆಲಸವನ್ನು ಕೆಲಕಾಲ ಯಂತ್ರಕ್ಕೆ ವಹಿಸಬಹುದು. ಆದರೆ ಯಂತ್ರ ಕಾಯುವುದು ರಕ್ತದ ಹರಿವನ್ನೋ, ಮನುಷ್ಯನನ್ನೋ? ಎರಡೂ ಒಂದೇ ಎಂಬ ನಂಬಿಕೆ ಸಹಜವಾದರೂ ಅನುಭವ ಅದನ್ನು ಎತ್ತಿಹಿಡಿದಿಲ್ಲ.

1967ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಡ್ರಿಯನ್ ಕಾಂಟ್ರೋವಿಟ್ಜ್ ಮತ್ತು ಸಂಗಡಿಗರು ರೋಗಿಯ ಮಹಾಪಧಮನಿಯೊಳಗೆ ಬಲೂನ್ ಪಂಪ್ ಅಳವಡಿಸಿದರು. ಹೃದಯ ಸಡಿಲಗೊಂಡಾಗ ಬಲೂನು ಉಬ್ಬಿ ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ಒತ್ತುತ್ತದೆ; ಹೃದಯ ಸಂಕುಚಿಸುವ ಹೊತ್ತಿಗೆ ಕುಗ್ಗಿ ಅದರ ಹೊರೆ ಇಳಿಸುತ್ತದೆ. ತರ್ಕ ಸುಂದರ, ನಿಜವೂ ಹೌದು. ದಶಕಗಳ ಕಾಲ ಈ ಪಂಪು ವಾಡಿಕೆಯಾಗಿತ್ತು. 2012ರಲ್ಲಿ ಜರ್ಮನಿಯಲ್ಲಿ 600 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಬಂತು: 30 ದಿನಗಳಲ್ಲಿ ಬಲೂನು ಹಾಕಿದವರಲ್ಲಿ ಶೇ. 39.7, ಹಾಕದವರಲ್ಲಿ ಶೇ. 41.3 ಮಂದಿ ಸತ್ತಿದ್ದರು. ಗಣನೀಯ ವ್ಯತ್ಯಾಸವೇ ಇರಲಿಲ್ಲ.

ಎಕ್ಮೋ ಯಂತ್ರ ಇನ್ನೂ ಬಲಶಾಲಿ. ಸಿರೆಯಿಂದ ರಕ್ತ ಸೆಳೆದು, ಆಮ್ಲಜನಕ ತುಂಬಿ, ಅಪಧಮನಿಗೆ ನೂಕುತ್ತದೆ. ತೊಡೆಯ ಕಡೆಯಿಂದ ನೂಕಿದ ಆ ರಕ್ತ ಹೃದಯಕ್ಕೆ ಎದುರಾಗಿ ಏರುವುದರಿಂದ, ಬಳಲಿದ ಹೃದಯ ಅದರ ವಿರುದ್ಧವೇ ದುಡಿಯಬೇಕಾಗುತ್ತದೆ. 2023ರ ದೊಡ್ಡ ಪರೀಕ್ಷೆಯಲ್ಲಿ ಸಾವಿನ ಪ್ರಮಾಣ ಎಕ್ಮೋ ಪಡೆದವರಲ್ಲಿ ಶೇ. 47.8, ಉಳಿದವರಲ್ಲಿ ಶೇ. 49, ರಕ್ತಸ್ರಾವ ಮಾತ್ರ ಎಕ್ಮೋ ಪಡೆದವರಲ್ಲೇ ಹೆಚ್ಚು. ಹೃತ್ಕುಕ್ಷಿಯಿಂದಲೇ ರಕ್ತವನ್ನು ಹೀರಿ ಮಹಾಪಧಮನಿಗೆ ಬಿಡುವ ಇಂಪೆಲ್ಲಾ ಪಂಪು 2024ರಲ್ಲಿ ಬೇರೆ ಉತ್ತರ ಕೊಟ್ಟಿತು. 180 ದಿನಗಳಲ್ಲಿ ಸತ್ತವರು ಪಂಪು ಪಡೆದವರಲ್ಲಿ ಶೇ. 45.8, ಪಡೆಯದವರಲ್ಲಿ ಶೇ. 58.5. ಇಲ್ಲೂ ರಕ್ತಸ್ರಾವ, ಡಯಾಲಿಸಿಸ್ ಹೆಚ್ಚಿದ್ದವು. ಆದರೆ ಹೃದಯ ನಿಂತು, ಮರುಚಾಲನೆಯ ನಂತರವೂ ಪ್ರಜ್ಞೆ ಬಾರದವರನ್ನು ಈ ಪರೀಕ್ಷೆ ಸೇರಿಸಿಕೊಂಡಿರಲಿಲ್ಲ. ಮಿದುಳಿಗೆ ಆಗಲೇ ಪೆಟ್ಟು ಬಿದ್ದಿದ್ದರೆ ಹೃದಯದ ಪಂಪು ಅದನ್ನು ಸರಿಪಡಿಸಲಾರದು. ಯಂತ್ರದ ಗುಣದಷ್ಟೇ, ಅದು ಯಾರಿಗೆ ಎಂಬ ಆಯ್ಕೆಯೂ ಮುಖ್ಯ.

ವೈದ್ಯರು ಈ ಯಂತ್ರಗಳನ್ನು ಸೇತುವೆ ಎನ್ನುತ್ತಾರೆ. ಆಚೆ ದಡದಲ್ಲಿ ಹೃದಯದ ಚೇತರಿಕೆ ಇರಬಹುದು, ಶಾಶ್ವತ ಪಂಪು ಇಲ್ಲವೇ ಹೃದಯ ಕಸಿ ಇರಬಹುದು. ಇವು ಯಾವುವೂ ಇಲ್ಲದ ಸ್ಥಿತಿಯೂ ಉಂಟು: ಹೃದಯ ಚೇತರಿಸುತ್ತಿಲ್ಲ, ಕಸಿಗೆ ದೇಹ ಅರ್ಹವಲ್ಲ, ಆದರೆ ರೋಗಿ ಎಚ್ಚರವಾಗಿದ್ದಾನೆ, ಮನೆಯವರೊಡನೆ ಮಾತಾಡುತ್ತಾನೆ. ಯಂತ್ರ ನಿಲ್ಲಿಸಿದರೆ ಸಾವು ಖಚಿತ. ನಿಲ್ಲಿಸುವುದು ಕೊಲೆಯಲ್ಲ, ಕೊಲ್ಲುವುದು ಕಾಯಿಲೆ ಎಂಬ ವಾದ ಸರಿಯೇ. ಆದರೂ ಮಾತಾಡುತ್ತಿರುವ ಮನುಷ್ಯನ ಎದುರು ಅದು ಸಾಲದು. ಅಲ್ಲಿ ನಿರ್ಣಾಯಕವಾಗಬೇಕಾದದ್ದು ಅವನದೇ ಮಾತು. ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ಅವಕಾಶ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆದರೆ ಆ ವಿಧಾನದ ಬಹುಪಾಲು ನಿರ್ಧರಿಸುವ ಶಕ್ತಿ ಕಳೆದುಕೊಂಡ ರೋಗಿಯನ್ನು ಕುರಿತದ್ದು.

ಶಾಕ್‌ನಲ್ಲಿ ಬಂದ ರೋಗಿಗೆ ಯೋಚಿಸುವ ಸ್ಥಿತಿ ಇರುವುದಿಲ್ಲ; ಮನೆಯವರಿಗೆ ಸಿಗುವುದು ಕೆಲವೇ ನಿಮಿಷ, ಮೇಲೆ ದಿನದಿನಕ್ಕೂ ಏರುವ ಖರ್ಚಿನ ಭಯ. ಆ ಗಳಿಗೆಯ ಒಪ್ಪಿಗೆಯನ್ನು ಕೊನೆಯಿಲ್ಲದ ಒಪ್ಪಿಗೆಯೆಂದು ಎಣಿಸುವುದು ಅನ್ಯಾಯ. ಯಂತ್ರ ಹಚ್ಚುವಾಗಲೇ ಅದು ಪ್ರಯತ್ನವೆಂದೂ, ಮತ್ತೆ ಎಂದು ಕೂತು ಮಾತಾಡುವುದೆಂದೂ, ಹೃದಯದ ಸಂಕುಚನ, ಮೂತ್ರಪಿಂಡ, ಪ್ರಜ್ಞೆ ಇವುಗಳಲ್ಲಿ ಏನನ್ನು ನೋಡಿ ಮುಂದುವರಿಸುವುದೆಂದೂ ಮನೆಯವರಿಗೆ ಹೇಳಬೇಕು. ರೋಗಿಗೆ ಎಚ್ಚರ ಮರಳಿದ ದಿನ ಅದೇ ಮಾತನ್ನು ಅವನೊಡನೆ ಮೊದಲಿನಿಂದ ಆಡಬೇಕು.