ನೆರೆಯವನ ಹೆಸರನ್ನು ಕಾಯುವವರು ಯಾರು?



ನಮಗೆ ಹಕ್ಕುಗಳನ್ನು ಕೊಟ್ಟವರು ಯಾರು? ಸರ್ಕಾರ ಎನ್ನುವವರೇ ಹೆಚ್ಚು. ಸರ್ಕಾರ ಕೊಟ್ಟದ್ದಾದರೆ ಸರ್ಕಾರವೇ ಕಿತ್ತುಕೊಳ್ಳಲೂಬಹುದಲ್ಲವೇ? ದೇವರು ಮಾನವನನ್ನು ತಮ್ಮ ಸ್ವರೂಪದಲ್ಲಿ ಸೃಷ್ಟಿಸಿದರೆಂದು ಆದಿಕಾಂಡ ಬೋಧಿಸುತ್ತದೆ. ನಮ್ಮ ಘನತೆಯ ಬೇರು ಅಲ್ಲಿದೆ. ಹಕ್ಕುಗಳು ಮಾನವ ಸ್ವಭಾವದಿಂದಲೇ ಬರುತ್ತವೆ, ಪ್ರತಿ ಹಕ್ಕಿಗೂ ಒಂದು ಕರ್ತವ್ಯ ಜೊತೆಗಿದೆ ಎಂದು ಜಗದ್ಗುರು 23ನೇ ಜಾನ್ 1963ರಲ್ಲಿ ‘ಪಾಚೆಮ್ ಇನ್ ತೆರ್ರಿಸ್’ ಎಂಬ ವಿಶ್ವಪತ್ರದಲ್ಲಿ ತಿಳಿಸಿದರು.

ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಹಿರಿಯರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಅವರನ್ನೂ ಸಮಾನ ನಾಗರಿಕರೆಂದು ಮನ್ನಿಸಿತು. ಅದರ 3ನೇ ಭಾಗದಲ್ಲಿ ಮೂಲಭೂತ ಹಕ್ಕುಗಳಿವೆ. ಅವುಗಳಿಗೆ ಧಕ್ಕೆಯಾದರೆ 32ನೇ ವಿಧಿಯಂತೆ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಂತೆ ಹೈಕೋರ್ಟಿಗೆ ಮೊರೆಹೋಗಬಹುದು. 2008ರಲ್ಲಿ ಸಂಚಾರಿಯಾಗಿ ಆರಂಭವಾದ ಹೈಕೋರ್ಟ್ ಪೀಠ 2013ರಲ್ಲಿ ಕಲಬುರಗಿಯಲ್ಲೇ ಕಾಯಂ ಆಯಿತು. ಮತದಾನದ ಹಕ್ಕು ಇರುವುದು 3ನೇ ಭಾಗದಲ್ಲಲ್ಲ, 326ನೇ ವಿಧಿಯಲ್ಲಿ. ಆದರೂ ಮಿಕ್ಕ ಹಕ್ಕುಗಳೆಂಬ ಹೊಲಕ್ಕೆ ಅದೇ ಬೇಲಿ.

ಈ ಬೇಲಿಯನ್ನೇ ಮುರಿಯುವ ಯತ್ನ ನಮ್ಮ ಸೀಮೆಯಲ್ಲಿ ನಡೆಯಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕುವಂತೆ ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಸರಿಯಾದವು 24 ಮಾತ್ರ! ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣವೂ ದಾಖಲಾಯಿತು. ಸಂವಿಧಾನದ ಹಾಳೆ ತಾನಾಗಿ ಎದ್ದು ಹೋಗಿ ಆ ಹೆಸರುಗಳನ್ನು ಕಾಯಲಿಲ್ಲ. ಯಾರೋ ಅನುಮಾನಪಟ್ಟು, ಬಾಗಿಲು ತಟ್ಟಿ ಕೇಳಿದ್ದರಿಂದ ಅವು ಉಳಿದವು.

ಇನ್ನೊಂದು ಕೆನ್ನೆಯನ್ನೂ ಒಡ್ಡಲು ಕಲಿಸಿದ ಯೇಸುಸ್ವಾಮಿಯ ಶಿಷ್ಯರು ಹಕ್ಕಿಗಾಗಿ ಹೋರಾಡಬಹುದೇ ಎಂದು ನೀವು ಕೇಳಬಹುದು. ಕೊರಡೆ ಏಟಿಗಾಗಿ ತಮ್ಮನ್ನು ಕಟ್ಟಿದಾಗ, ಸಂತ ಪೌಲರು ರೋಮಿನ ಪೌರತ್ವವನ್ನು ನೆನಪಿಸಿ ಅನ್ಯಾಯವನ್ನು ತಡೆದರು. ಹಕ್ಕನ್ನು ಕೇಳುವುದು ದ್ವೇಷವಲ್ಲ. ಅಲ್ಲದೆ ನನ್ನ ಕೆನ್ನೆಯನ್ನು ನಾನು ಒಡ್ಡಬಹುದು. ನೆರೆಯವನ ಕೆನ್ನೆಯನ್ನು ಒಡ್ಡಲು ನನಗೆ ಅಧಿಕಾರವಿಲ್ಲ.

ಆದ್ದರಿಂದ ಪ್ರಿಯರೇ, ಈ ವಾರ ಕುಟುಂಬ ಪ್ರಾರ್ಥನೆ ಮುಗಿಸಿ ಮತದಾರರ ಪಟ್ಟಿಯನ್ನು ನೋಡಿರಿ. ನಿಮ್ಮ ಮನೆಯವರ ಹೆಸರಿನೊಂದಿಗೆ, ಕೆಲವು ತಿಂಗಳ ದುಡಿಮೆಗಾಗಿ ಪುಣೆಗೋ ಮುಂಬೈಗೋ ಹೋಗಿರುವ ನೆರೆಮನೆಯವರ ಹೆಸರನ್ನೂ ಹುಡುಕಿರಿ. ಅವರ ಜಾತಿ ಧರ್ಮ ಯಾವುದಾದರೂ ಇರಲಿ. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ನೂರರಲ್ಲಿ ಒಂದು ಕಾಣದಿದ್ದರೂ ಹುಡುಕಿ ಹೊರಡುತ್ತಾನೆ. ಆತನ ಹಿಂದೆ ನಡೆಯುವ ನಾವೂ ಹಾಗೆಯೇ ಹೊರಡೋಣ.