ಗಣಕವಿದ್ಯೆ ಕಲಿತವನು ಯಾವ ಕೆಲಸವನ್ನು ಹಿಡಿಯಬೇಕು?

ಮನುಷ್ಯನು ದುಡಿದು ಉಣ್ಣತಕ್ಕವನು ಎಂಬದನ್ನು ಎಲ್ಲರೂ ಒಪ್ಪುವರು. ಆದರೆ ಯಾವ ಕೆಲಸವನ್ನು ಹಿಡಿಯತಕ್ಕದ್ದು, ಯಾವದನ್ನು ಬಿಡತಕ್ಕದ್ದು ಎಂದು ಕೇಳಿದರೆ ಒಬ್ಬೊಬ್ಬನು ಒಂದೊಂದು ಹೇಳುವನು. ನಮ್ಮ ಅಜ್ಜಂದಿರಿಗೆ ಈ ಪ್ರಶ್ನೆಯೇ ಅಪರೂಪವಾಗಿತ್ತು. ಕುಂಬಾರನ ಮಗನು ತಿಗರಿಯ ಬಳಿಯಲ್ಲಿ ಕೂತನು. ಕುರುಬನ ಮಗನು ಮಂದೆಯ ಹಿಂದೆ ನಡೆದನು. ಹುಟ್ಟೇ ಕೆಲಸವನ್ನು ಆರಿಸಿಕೊಟ್ಟಿತು. ಈಗಲಾದರೋ ಬಂಡೂರಿನ ಸೀಮೆಯಂಥ ಹಳ್ಳಿಗಾಡಿನ ಹುಡುಗ ಹುಡುಗಿಯರೂ ಮಂಡ್ಯಕ್ಕೋ ಮೈಸೂರಿಗೋ ಹೋಗಿ ಗಣಕಯಂತ್ರದ ವಿದ್ಯೆಯನ್ನು ಕಲಿಯುತ್ತಾರೆ. ಓದು ಮುಗಿಯುವ ವರ್ಷದಲ್ಲಿ ಅವರ ಮುಂದೆ ಒಂದಲ್ಲ, ಹತ್ತು ದಾರಿಗಳು ಕಾಣುವವು. ದಾರಿ ಇಲ್ಲದವನಿಗೆ ಒಂದು ಕಷ್ಟ; ದಾರಿ ಹಲವಾದವನಿಗೆ ಇನ್ನೊಂದು ಕಷ್ಟ.

ಆ ದಾರಿಗಳು ಯಾವವೆಂದು ಮೊದಲು ತಿಳಿಯೋಣ. ಪರದೇಶದ ಬ್ಯಾಂಕು, ಅಂಗಡಿ, ಆಸ್ಪತ್ರೆಗಳಿಗೋಸ್ಕರ ಪ್ರೋಗ್ರಾಮುಗಳನ್ನು ಬರೆದುಕೊಡುವ ದೊಡ್ಡ ಕಂಪನಿಗಳು ಉಂಟು. ೧೯೮೧ರಲ್ಲಿ ಪುಣೆಯಲ್ಲಿ ಏಳು ಮಂದಿಯಿಂದ ಆರಂಭವಾಗಿ ೧೯೮೩ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಅವುಗಳಲ್ಲೊಂದು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಹಾಗೆ, ಪರದೇಶದ ಕಂಪನಿಗಳು ತಾವೇ ಇಲ್ಲಿ ತೆರೆದ ಕಾರ್ಯಾಲಯಗಳು ಉಂಟು. ಸರಕಾರದ ಲೆಕ್ಕಪತ್ರಗಳನ್ನು ಯಂತ್ರಕ್ಕೆ ಏರಿಸುವ ಕೆಲಸ, ಕಳ್ಳರಿಂದ ಮಾಹಿತಿಯನ್ನು ಕಾಯುವ ಕೆಲಸ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ, ಪಾಠ ಹೇಳುವ ಕೆಲಸ, ಸಂಶೋಧನೆ ಇವೂ ಉಂಟು. ಇವುಗಳಲ್ಲಿ ಹೆಚ್ಚಿನವು ಮಾನವಾದ ಕೆಲಸಗಳೇ. ಹಾಗಾದರೆ ಆರಿಸುವದು ಹೇಗೆ?

ಮನೆಯವರು ಹೇಳುವದು ಒಂದೇ ಮಾತು: ಮೊದಲು ಸಿಕ್ಕಿದ್ದಕ್ಕೆ ಸೇರು. ಈ ಮಾತನ್ನು ನಾವು ಹಗುರವಾಗಿ ತಳ್ಳಲಾರೆವು. ತಂದೆಯು ಹೊಲವನ್ನು ಅಡವಿಟ್ಟಿರಬಹುದು, ತಾಯಿಯು ಸಂಘದಲ್ಲಿ ಸಾಲ ಎತ್ತಿರಬಹುದು, ತಂಗಿಯ ಓದು ಅಣ್ಣನ ಸಂಬಳವನ್ನು ಕಾದಿರಬಹುದು. ಇಂಥ ಮನೆಯ ಮಗನು, “ನನ್ನ ಮನಸ್ಸಿಗೆ ಒಪ್ಪುವ ಕೆಲಸ ಸಿಕ್ಕುವ ತನಕ ಕೂತಿರುತ್ತೇನೆ” ಎಂದರೆ ಅದು ಆದರ್ಶವಲ್ಲ, ಇನ್ನೊಬ್ಬರ ಬೆವರಿನ ಮೇಲೆ ಮಾಡುವ ಭೋಗವೇ ಸರಿ. ಸಾಲ ತೀರಿಸುವದು ಧರ್ಮ. ಆದರೆ ಸಂಬಳದ ಮಾತಿನಲ್ಲಿಯೇ ವಿಚಾರವು ಮುಗಿಯಿತೆಂದು ತಿಳಿಯುವದೂ ತಪ್ಪು. ಅದರ ಆಚೆಗೆ ನೋಡತಕ್ಕ ಸಂಗತಿಗಳು ಎರಡು ಉಂಟು.

ಮೊದಲನೆಯದು: ಕಂಪನಿಯ ಹೆಸರಿಗಿಂತ ಕೈಯ ವಿದ್ಯೆ ದೊಡ್ಡದು. ಬಂಡೂರು ಕುರಿಯ ಹೆಸರು ನಾಡಿಗೆಲ್ಲಾ ಗೊತ್ತು. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಕಮಾನಿನಂತೆ ದುಂಡಾದ ತೊಡೆ. ಆ ಹೆಸರಿಗೆ ಬೆಲೆ ಬಂದದ್ದರಿಂದ ಬೆರಕೆಯ ಕುರಿಯನ್ನೂ ಅದೇ ಹೆಸರಿನಿಂದ ಮಾರುವವರು ಉಂಟು. ಆದಕಾರಣ ಬಲ್ಲವನು ಹೆಸರು ಕೇಳಿ ಹಣ ಎಣಿಸುವದಿಲ್ಲ. ಬೆನ್ನಿನ ಮೇಲೆ ಕೈಯಿಟ್ಟು ನೋಡುವನು. ಹಾಗೆಯೇ ಯೌವನಸ್ಥನು ಕಂಪನಿಯ ಹೆಸರಿಗೆ ಮರುಳಾಗದೆ, “ಇಲ್ಲಿ ಮೂರು ವರ್ಷ ದುಡಿದರೆ ನನಗೆ ಏನು ಬರುವದು?” ಎಂದು ಕೈಯಿಟ್ಟು ನೋಡಬೇಕು.

ಈ ಮಾತಿಗೆ ಬಂಡೂರು ಇರುವ ಮಳವಳ್ಳಿ ತಾಲೂಕಿನಲ್ಲಿಯೇ ಇನ್ನೊಂದು ಸಾಕ್ಷಿ ಉಂಟು. ೧೯೦೨ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿ, ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಕಳುಹಿಸಿದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗೂ ಅದೇ ಬೆಳಕು ಹೋಯಿತು. ಆ ಕಾಲದಲ್ಲಿ ಚಿನ್ನವೇ ಯಜಮಾನ, ನೀರು ಅದರ ಆಳು. ೨೦೦೧ರಲ್ಲಿ ಆ ಗಣಿ ಮುಚ್ಚಿತು. ನೀರಿನ ಶಕ್ತಿ ಮಾತ್ರ ಮುಚ್ಚಲಿಲ್ಲ. ಯಜಮಾನನು ಅಳಿಯುವನು, ಶಕ್ತಿ ಉಳಿಯುವದು. ಈಗಿನ ದೊಡ್ಡ ಕಂಪನಿಗಳಿಗೂ ಇದು ಸಲ್ಲುವದು. ೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವದನ್ನು ಲೋಕವು ನೋಡುತ್ತಲಿದೆ. ಅತಿ ಭದ್ರವೆಂದು ಜನರು ನಂಬಿದ್ದ ಟಿಸಿಎಸ್ ಕಂಪನಿಯು ೨೦೨೫ರ ಜುಲೈ ತಿಂಗಳಲ್ಲಿ ಸುಮಾರು ೧೨ ಸಾವಿರ ಮಂದಿಯನ್ನು ಕೆಲಸದಿಂದ ತೆಗೆಯುವದಾಗಿ ಹೇಳಿತು. ಹೀಗಿರಲಾಗಿ ಒಂದೇ ಬಗೆಯ ಸಾಲುಗಳನ್ನು ದಿನವೂ ಒತ್ತುವದನ್ನು ಮಾತ್ರ ಕಲಿತವನ ಸ್ಥಿತಿ ಕಷ್ಟ. ಗಣಿತದ ಬುಡವನ್ನೂ, ಯಂತ್ರವು ಒಳಗೆ ಹೇಗೆ ನಡೆಯುವದೆಂಬದನ್ನೂ, ಇನ್ನೊಬ್ಬರ ಅಗತ್ಯವನ್ನು ವಿಚಾರಿಸಿ ತಿಳಿಯುವದನ್ನೂ ಕಲಿತವನಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುವ ಧೈರ್ಯವಿರುವದು.

ಎರಡನೆಯ ಸಂಗತಿ ಇದಕ್ಕಿಂತ ಭಾರವಾದದ್ದು. ಕುಂಬಾರನು ಸೋರುವ ಗಡಿಗೆಯನ್ನು ಮಾರಿದರೆ ಮರುದಿನ ಅದನ್ನು ಕೊಂಡವಳು ಅವನ ಬಾಗಿಲಿಗೆ ಬರುವಳು. ನೆರೆಯವಳ ಮುಖವೇ ಅವನ ಮನಸ್ಸಾಕ್ಷಿಯನ್ನು ಕಾಯುವದು. ಗಣಕದ ಕೆಲಸದವನಿಗೆ ಆ ಮುಖವು ಕಾಣುವದಿಲ್ಲ. ಅವನು ಬೆಂಗಳೂರಿನ ಹತ್ತನೆಯ ಅಂತಸ್ತಿನಲ್ಲಿ ಕೂತು ಬರೆದದ್ದು ಯಾವ ಊರಿನ ಯಾರ ಕೈಯಲ್ಲಿ ತೆರೆದುಕೊಳ್ಳುವದೋ ಅವನಿಗೆ ತಿಳಿಯದು. ಕಾಣದವನು ನೆರೆಯವನೋ ಅಲ್ಲವೋ? ಈ ಕಾಲದ ಕೆಲಸಗಾರನಿಗೆ ಬಂದಿರುವ ಪ್ರಶ್ನೆ ಇದೇ. ಉತ್ತರಕ್ಕೆ ಎರಡು ದೃಷ್ಟಾಂತಗಳನ್ನು ಹೇಳುವೆವು.

ಒಂದು, ನಮ್ಮ ಪಹಣಿ. ಮುಂಚೆ ಪಹಣಿಯ ಪುಸ್ತಕವು ಗ್ರಾಮಲೆಕ್ಕಿಗನ ಕೈಯಲ್ಲಿತ್ತು. ಅದರ ಒಂದು ಪ್ರತಿಗಾಗಿ ಬಡ ರೈತನು ಎಷ್ಟು ದಿನ ತಿರುಗಿದನು, ಏನೇನು ತೆತ್ತನು ಎಂಬದು ಹಳ್ಳಿಯವರಿಗೆ ಹೇಳಬೇಕಾದದ್ದಿಲ್ಲ. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯಿಂದ ೧೭೭ ತಾಲೂಕುಗಳ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಮೇಲೆ ೧೫ ರೂಪಾಯಿ ಕೊಟ್ಟು ತಾಲೂಕು ಕಚೇರಿಯ ಕಿಟಿಕಿಯಲ್ಲಿ ಪಹಣಿ ಪಡೆಯುವಂತಾಯಿತು. ಆ ಪ್ರೋಗ್ರಾಮನ್ನು ಬರೆದವರ ಹೆಸರು ರೈತನಿಗೆ ಗೊತ್ತಿಲ್ಲ. ಉಪಕಾರವು ಮಾತ್ರ ತಲಪಿತು. ಅದೇ ಕೆಲಸದಲ್ಲಿ ಒಬ್ಬನು ಅಜಾಗ್ರತೆಯಿಂದ ಹೆಸರಿನ ಒಂದಕ್ಷರವನ್ನು ತಪ್ಪಾಗಿ ಒತ್ತಿದರೆ, ರೈತನು ತನ್ನ ಹೊಲ ತನ್ನದೇ ಎಂದು ತೋರಿಸುವದಕ್ಕೆ ಅರ್ಜಿ ಹಿಡಿದು ಅಲೆಯಬೇಕಾಗುವದು. ಉಪಕಾರವೂ ಕಾಣದೆ ಹೋಗುವದು, ಅಪಕಾರವೂ ಕಾಣದೆ ಹೋಗುವದು.

ಎರಡು, ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳು. ಇವು ಹಳ್ಳಿಗಳಲ್ಲಿಯೂ ಹಬ್ಬಿ, ಕಬ್ಬಿನ ಹಣವನ್ನೂ ಕೂಲಿಯ ಹಣವನ್ನೂ ನುಂಗಿ, ಸಾಲದಿಂದ ಕೆಲವರ ಪ್ರಾಣವನ್ನೇ ತೆಗೆದವು. ೨೦೨೫ರ ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟು ಇಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಆ ಆಟಗಳನ್ನು ಮಾಡಿದವರು ಯಾರು? ಒಳ್ಳೇ ಕಾಲೇಜುಗಳಲ್ಲಿ ಓದಿದ ಗಣಕವಿದ್ಯಾವಂತರೇ. ಸೋತವನು ಮತ್ತೆ ಆಡುವಂತೆ ಬಣ್ಣವನ್ನೂ ಶಬ್ದವನ್ನೂ ಹೊಂದಿಸುವದು ಅವರಿಗೆ ಕೊಟ್ಟ ಕೆಲಸವಾಗಿತ್ತು. ಕಾನೂನು ಬರುವದಕ್ಕೆ ಮುಂಚೆ ಅದು ಸಂಬಳ ಬರುವ ಕೆಲಸವೇ. ಆದರೆ ಕಾನೂನು ನಿಷೇಧಿಸದೆ ಇದ್ದದ್ದರಿಂದ ಅದು ಸರಿಯಾಗಿತ್ತೆಂದು ನಾವು ಹೇಳಬಹುದೋ?

ಇಲ್ಲಿ ಒಬ್ಬನು ಆಕ್ಷೇಪಿಸಿಯಾನು: “ಸಾವಿರ ಮಂದಿಯಲ್ಲಿ ನಾನೊಬ್ಬನು. ನಾನು ಮಾಡದಿದ್ದರೆ ಇನ್ನೊಬ್ಬನು ಮಾಡುವನು. ಯಜಮಾನನ ಪಾಪ ಆಳಿಗೆ ಯಾಕೆ?” ಹೊಸಬನಿಗೆ ಎಲ್ಲವೂ ಗೊತ್ತಾಗುವದಿಲ್ಲ ಎಂಬದು ಸತ್ಯ, ಗೊತ್ತಿಲ್ಲದ್ದಕ್ಕೆ ಯಾರೂ ಅವನನ್ನು ದೂರಬಾರದು. ಆದರೆ ಕೇಳಬಹುದಾಗಿದ್ದು ಕೇಳದೆ ಇದ್ದದ್ದಕ್ಕೆ ಅವನೇ ಉತ್ತರವಾದಿ. ಇನ್ನೊಬ್ಬನು ಮಾಡುವನೆಂಬ ಮಾತು ಕಳ್ಳನಿಗೂ ಒದಗುವದು. ಸಾವಿರ ಮಂದಿ ಕೂಡಿ ಒಂದು ಕಲ್ಲನ್ನು ಉರುಳಿಸಿದರೆ ಪ್ರತಿಯೊಬ್ಬನ ಕೈಯೂ ಆ ಕಲ್ಲಿನ ಮೇಲೆ ಇದ್ದೇ ಇತ್ತು. ಹಾಗಾದರೆ ಸಾಲವಿರುವವನು ಏನು ಮಾಡತಕ್ಕದ್ದು? ಸಾಧಾರಣ ಸಂಬಳದ ಮಾನವಾದ ಕೆಲಸವನ್ನು ಹಿಡಿದು, ಸಾಲವನ್ನು ನಿಧಾನವಾಗಿ ತೀರಿಸತಕ್ಕದ್ದು. ನೆರೆಯವನ ಮನೆ ಮುರಿದು ಬಂದ ಹಣದಿಂದ ಬಿಡಿಸಿಕೊಂಡ ಹೊಲವನ್ನು ಯಾವ ತಂದೆಯೂ ಸಂತೋಷದಿಂದ ಉಳಲಾರನು.

ಮತ್ತೆ ಕೆಲವರು, ಊರು ಬಿಟ್ಟು ಹೋಗುವದೇ ದ್ರೋಹವೆಂದು ನುಡಿಯುವರು. ನಾವು ಹಾಗೆ ಹೇಳೆವು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಬೊಂಬಾಯಿಯಲ್ಲಿ ದುಡಿದವರು. ಅವರು ರೂಪಿಸಿದ ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರವು ಅದನ್ನೇ ಪ್ರಮಾಣವೆಂದು ಒಪ್ಪಿತು. ಊರಿನಲ್ಲಿಯೇ ಇದ್ದು ನೆರೆಯವನನ್ನು ಮರೆಯುವವನೂ ಉಂಟು, ದೂರ ಹೋಗಿ ನೆನಸುವವನೂ ಉಂಟು. ಶಕ್ತಿಯು ತಂತಿಯ ಮೇಲೆ ದೂರ ಹೋಗುವದು ತಪ್ಪಲ್ಲ; ಅದು ಬೆಳಕಾಗುವದೋ ಬೆಂಕಿಯಾಗುವದೋ ಎಂಬದೇ ಪ್ರಶ್ನೆ.

ಆದಕಾರಣ, ಪ್ರಿಯ ಯೌವನಸ್ಥರೇ, ಕೆಲಸಕ್ಕೆ ಒಪ್ಪಿಕೊಳ್ಳುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಈ ಕೆಲಸವು ನನ್ನ ಕೈಯನ್ನು ಬೆಳಸುವದೋ? ಇದರಿಂದ ಮನೆಯ ಋಣವು ತೀರುವದೋ? ಇದನ್ನು ಬಳಸುವವನು ನನ್ನ ಊರಿನವನೇ ಆಗಿ, ನಾಳೆ ನನ್ನ ಬಾಗಿಲಿಗೆ ಬಂದು ನಿಂತರೆ, ನಾನು ಅವನ ಮುಖವನ್ನು ನೋಡಬಲ್ಲೆನೋ? ತಂದೆತಾಯಿಗಳೇ, ನೀವೂ ಸಂಬಳವೆಷ್ಟೆಂದು ಕೇಳಿದ ಮೇಲೆ, ಅದು ಎಂಥ ಕೆಲಸವೆಂದು ಒಂದು ಮಾತು ಕೇಳಿರಿ. ಮಗನು ಹೇಳುವದು ಪೂರಾ ತಿಳಿಯದಿದ್ದರೂ ಚಿಂತೆಯಿಲ್ಲ. ನಿಮಗೆ ತಿಳಿಯುವ ಮಾತಿನಲ್ಲಿ ಅದನ್ನು ಹೇಳಲಿಕ್ಕೆ ಅವನು ನಾಚಿದರೆ, ಆ ನಾಚಿಕೆಯೇ ಅವನಿಗೂ ನಿಮಗೂ ಉತ್ತರವಾಗಿರುವದು.